ಸಂಬಳವೂ ಪಾರಿತೋಷಕವೂ

ದುಡಿಯುವವರಲ್ಲಿ ಉತ್ಸಾಹವನ್ನು ಹುಟ್ಟಿಸುವುದು ಹೇಗೆಂಬ ಪ್ರಶ್ನೆ ಇಂದಿನ ಉದ್ಯಮಪತಿಗಳಿಗೆ ಹೊಸದಾಗಿ ಹೊಳೆದುದೇನಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ, 1909ರಲ್ಲಿ ಅವರಿಂದಲೇ ಮುದ್ರಣಗೊಂಡು, ದೇಶವಿದೇಶಗಳ ವಿದ್ವಾಂಸರನ್ನು ಬೆರಗುಗೊಳಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ನೂಲುವವರ ಮತ್ತು ನೇಯುವವರ ಕೆಲಸವನ್ನು ನೋಡಿಕೊಳ್ಳುವ ಸೂತ್ರಾಧ್ಯಕ್ಷನಿಗೆಂದೇ ಒಂದು ಪ್ರಕರಣವಿದೆ. ನೂಲು ನಯವೋ ಒರಟೋ ಮಧ್ಯಮವೋ ಎಂಬುದನ್ನು ಪರೀಕ್ಷಿಸಿ ಅದಕ್ಕೆ ತಕ್ಕಂತೆ ಕೂಲಿಯನ್ನು ಗೊತ್ತುಮಾಡಬೇಕು. ನೂತ ಪ್ರಮಾಣವನ್ನು ಅರಿತು ಎಣ್ಣೆ, ನೆಲ್ಲಿ, ಲೇಪನಗಳನ್ನಿತ್ತು ನೂತವರನ್ನು ಅನುಗ್ರಹಿಸಬೇಕು. ಹಬ್ಬದ ದಿನಗಳಲ್ಲಿ ಕೆಲಸ ಮಾಡಿಸುವುದಾದರೆ ಮಾನದಾನಗಳಿಂದ ಮಾಡಿಸಬೇಕು. ಇಷ್ಟನ್ನು ಹೇಳಿದ ಆ ಪ್ರಕರಣವೇ, ಕೂಲಿಯನ್ನು ಕೊಡತಕ್ಕ ಕಾಲವನ್ನು ಮೀರಿಸಿದ ಅಧಿಕಾರಿಗೆ ‘ಮಧ್ಯಮ ಸಾಹಸದಂಡ’ವೆಂಬ ನಡುಮಟ್ಟದ ದಂಡವನ್ನೂ ವಿಧಿಸುತ್ತದೆ. ಕೂಲಿಯನ್ನು ಪಡೆದು ಕೆಲಸ ಮಾಡದ ಹೆಂಗಸಿನ ಹೆಬ್ಬೆರಳಿಗೆ ಅದು ಹೇಳುವ ಶಿಕ್ಷೆ ಕ್ರೂರವಾದುದು. ಅದನ್ನು ಇಂದು ಯಾರೂ ಸಮರ್ಥಿಸಲಾರರು. ಆದರೆ ದುಡಿದವರಿಗೆ ಸಲ್ಲತಕ್ಕುದನ್ನು ತಡಮಾಡಿದುದೂ ದಂಡಾರ್ಹವಾದ ಅಪರಾಧವೆಂದು ಎಣಿಸಿದ ಆ ಮತಿಯ ನಿಷ್ಪಕ್ಷಪಾತವನ್ನು ನಾವು ಮೆಚ್ಚದೆ ಇರಲಾಗದು.

ಆ ಪ್ರಕರಣದಲ್ಲಿ ಕೂಲಿ ಬೇರೆ, ಅನುಗ್ರಹ ಬೇರೆ. ಮೊದಲನೆಯದು ಕೆಲಸದ ಗುಣದಿಂದಲೇ ನಿರ್ಣೀತವಾಗಿ ಹಕ್ಕಾಗಿ ಸಲ್ಲುವುದು. ಎರಡನೆಯದು ಅದರ ಮೇಲೆ ಬರುವುದು. ಇವೆರಡರ ನಡುವಣ ಗೆರೆ ನಮ್ಮ ಕಾಲದಲ್ಲಿ ಅಳಿಸಿಹೋಗುತ್ತಿದೆಯೆಂಬುದೂ, ಅದನ್ನು ಅಳಿಸುವ ಕಾರ್ಯ ‘ಪ್ರೋತ್ಸಾಹ’ವೆಂಬ ಗೌರವಾನ್ವಿತವಾದ ಹೆಸರಿನಲ್ಲಿ ನಡೆಯುತ್ತಿದೆಯೆಂಬುದೂ ಈ ಲೇಖನದ ಆಕ್ಷೇಪ. ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದಕ್ಕೆ ಹೊಸದಾಗಿ ಸೇರುವ ತರುಣನಿಗೋ ತರುಣಿಗೋ ಬರುವ ನೇಮಕಾತಿ ಪತ್ರದಲ್ಲಿ, ನೌಕರನಿಗಾಗಿ ಸಂಸ್ಥೆಗೆ ತಗಲುವ ಒಟ್ಟು ವೆಚ್ಚವೆಂಬ ಅರ್ಥದ ‘ಸಿಟಿಸಿ’ ಎಂಬ ಒಂದು ದೊಡ್ಡ ಮೊತ್ತವಿರುತ್ತದೆ. ಅದರೊಳಗೆ ‘ವೇರಿಯಬಲ್ ಪೇ’ ಎಂಬ ಒಂದು ಪಾಲು ಅಡಗಿರುತ್ತದೆ. ಆ ಪಾಲು ಪೂರ್ತಿಯಾಗಿ ಕೈಗೆ ಬರುವುದೋ, ಮುಕ್ಕಾಲು ಬರುವುದೋ, ಬಾರದೆಯೇ ಹೋಗುವುದೋ ಎಂಬುದು ಆ ವ್ಯಕ್ತಿಯ ದುಡಿಮೆಯಿಂದ ಮಾತ್ರವಲ್ಲದೆ ಸಂಸ್ಥೆಯ ತ್ರೈಮಾಸಿಕ ಲಾಭದಿಂದಲೂ, ವಿದೇಶದ ಗ್ರಾಹಕನ ಮನಸ್ಸಿನಿಂದಲೂ, ವಿಭಾಗದ ಮೇಲಧಿಕಾರಿ ‘ಅಪ್ರೈಸಲ್’ ಕಾಲದಲ್ಲಿ ಕೊಡುವ ಶ್ರೇಣಿಯಿಂದಲೂ ನಿರ್ಧಾರವಾಗುತ್ತದೆ. ಮನೆ ಬಾಡಿಗೆಯನ್ನೂ ಸಾಲದ ಕಂತನ್ನೂ ಮೊತ್ತದ ಲೆಕ್ಕದಲ್ಲಿ ಒಪ್ಪಿಕೊಂಡ ಆ ನೌಕರ, ಮಳೆಯನ್ನು ನಂಬಿದ ಬೇಸಾಯಗಾರನಂತೆ, ತನ್ನ ಕೈಯಲ್ಲಿಲ್ಲದುದಕ್ಕೆ ಕಾಯುತ್ತ ಕುಳಿತುಕೊಳ್ಳಬೇಕಾಗುತ್ತದೆ. ಬೇಸಾಯಗಾರನಿಗೆ ಭೂಮಿಯಾದರೂ ತನ್ನದು. ಲಾಭ ಬಂದ ವರ್ಷ ಅದು ಅವನದೇ. ನೌಕರನಿಗೆ ಇಲ್ಲಿ ನಷ್ಟದ ಪಾಲು ಖಚಿತ, ಲಾಭದ ಪಾಲು ಅನುಗ್ರಹ.

ಪಾರಿತೋಷಕದಿಂದ ದುಡಿಮೆ ಹೆಚ್ಚುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಹೆಚ್ಚುವುದುಂಟು, ಎಲ್ಲಿ, ಯಾವ ನಿಯಮದಲ್ಲಿ ಹೆಚ್ಚುವುದೆಂಬುದನ್ನು ವಿಚಾರಿಸಬೇಕು. ಸುಪ್ರೀತ್ ಕೌರ್, ಮೈಕೇಲ್ ಕ್ರೆಮರ್, ಸೆಂಧಿಲ್ ಮುಲೈನಾಥನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ನಮ್ಮ ಮೈಸೂರಿನಲ್ಲಿಯೇ, ಕಂಪ್ಯೂಟರಿಗೆ ಮಾಹಿತಿಯನ್ನು ತುಂಬುವ ಡೇಟಾ ಎಂಟ್ರಿ ಕೆಲಸಗಾರರನ್ನು ಇಟ್ಟುಕೊಂಡು, ಒಂದು ವರ್ಷಕ್ಕೂ ಮಿಕ್ಕಿದ ಕಾಲ ನಡೆಸಿದ ಪ್ರಯೋಗವೊಂದರ ವೃತ್ತಾಂತ 2015ರಲ್ಲಿ ಪ್ರಕಟವಾಯಿತು. ಅಲ್ಲಿ ಕೂಲಿ ಮಾಡಿದಷ್ಟಕ್ಕೆ, ಬಟವಾಡೆ ವಾರಕ್ಕೊಮ್ಮೆ. ಬಟವಾಡೆಯ ದಿನ ಹತ್ತಿರವಾದಂತೆ ಕೆಲಸದ ಪ್ರಮಾಣ ಏರುತ್ತ ಹೋಗಿ, ವಾರದ ಆರಂಭಕ್ಕೂ ಬಟವಾಡೆಯ ದಿನಕ್ಕೂ ಸುಮಾರು ಶೇಕಡಾ 8ರಷ್ಟು ವ್ಯತ್ಯಾಸ ಕಂಡಿತು. ಅದಕ್ಕಿಂತ ವಿಸ್ಮಯಕರವಾದುದು ಮುಂದಿನ ಸಂಗತಿ. ಆ ಕೆಲಸಗಾರರ ಮುಂದೆ ಒಂದು ವಿಚಿತ್ರವಾದ ಒಪ್ಪಂದವನ್ನಿಟ್ಟರು: ಬೇಕಾದವರು ತಮಗೆ ತಾವೇ ಒಂದು ದಿನದ ಗುರಿಯನ್ನು ಹಾಕಿಕೊಳ್ಳಬಹುದು; ಗುರಿಯನ್ನು ಮುಟ್ಟಿದರೆ ಎಂದಿನ ದರವೇ, ಒಂದು ಕಾಸೂ ಹೆಚ್ಚಿಲ್ಲ; ಮುಟ್ಟದಿದ್ದರೆ ದರದಲ್ಲಿ ಅರ್ಧ ಮಾತ್ರ. ಹಣದ ಲೆಕ್ಕದಲ್ಲಿ ನಷ್ಟವೇ ಹೊರತು ಲಾಭವೆಂದಿಗೂ ಇಲ್ಲದ ಈ ಒಪ್ಪಂದವನ್ನು, ಅದು ದೊರೆತ ಸಂದರ್ಭಗಳಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಸಲ, ಕೆಲಸಗಾರರು ಸ್ವಂತ ಇಚ್ಛೆಯಿಂದ ಆರಿಸಿಕೊಂಡರು. ಅದರಿಂದ ಅವರ ಕೆಲಸವೂ ಹೆಚ್ಚಿತು, ಗಳಿಕೆಯೂ ಹೆಚ್ಚಿತು.

ಇದರ ಅರ್ಥವನ್ನು ಉದ್ಯಮಿಗಳು ಸಾವಧಾನದಿಂದ ಗ್ರಹಿಸತಕ್ಕುದು. ಸಾಮಾನ್ಯನಾದ ದುಡಿಮೆಗಾರ ಸೋಮಾರಿಯೆಂದೂ, ಆಮಿಷವನ್ನು ತೋರಿಸದೆ ಅವನು ಅಲುಗಾಡುವುದಿಲ್ಲವೆಂದೂ ಭಾವಿಸುವ ಮತವೊಂದು ಆಡಳಿತಶಾಸ್ತ್ರದ ಪುಸ್ತಕಗಳಲ್ಲಿ ಬಹುಕಾಲದಿಂದ ನೆಲೆಸಿದೆ. ಮೈಸೂರಿನ ಆ ಕೆಲಸಗಾರರೋ ತಮ್ಮ ದೌರ್ಬಲ್ಯವನ್ನು ತಾವೇ ಬಲ್ಲವರಾಗಿದ್ದು, ಅದನ್ನು ಗೆಲ್ಲಲು ತಮ್ಮನ್ನು ತಾವೇ ಕಟ್ಟಿಹಾಕಿಕೊಳ್ಳುವುದಕ್ಕೂ ಸಿದ್ಧರಾಗಿದ್ದರು. ಆದರೆ ಆ ಕಟ್ಟು ಫಲಿಸುವುದಕ್ಕೆ ಕಾರಣವಾದ ಸಂಗತಿಗಳು ಅಲ್ಲಿ ಒಟ್ಟಿಗೆ ಸೇರಿದ್ದುವು. ಕೆಲಸ ಎಣಿಸಬಹುದಾದದ್ದು, ಎಣಿಕೆಯಲ್ಲಿ ವಿವಾದಕ್ಕೆಡೆಯಿಲ್ಲ. ಕೂಲಿ ಹೇಳಿದ ದಿನಕ್ಕೆ ತಪ್ಪದೆ ಬರುವುದು. ಗುರಿಯನ್ನು ಹಾಕಿಕೊಂಡವರು ದುಡಿಯುವವರೇ. ಇವುಗಳೊಳಗೆ ಒಂದನ್ನು ತೆಗೆದರೂ ಮಿಕ್ಕವು ನಿಲ್ಲಲಾರವೆಂದು ನನಗೆ ತೋರುತ್ತದೆ. ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಗಂಟೆಗೆ ಇಷ್ಟು ಪೀಸು ಎಂಬ ‘ಟಾರ್ಗೆಟ್’ ಇರುವುದನ್ನು ಎಲ್ಲರೂ ಬಲ್ಲರು. ಅದು ಕೂಡ ಗುರಿಯೇ, ಎಣಿಕೆಯೇ. ಹೊಲಿಯುವ ಹೆಣ್ಣುಮಗಳು ಹಾಕಿಕೊಂಡ ಗುರಿ ಅದಲ್ಲ. ಮೇಲಿನವರು ಹಾಕಿ, ಸೂಪರ್‌ವೈಸರನ ಬಾಯಿಂದ ಬೈಗುಳಾಗಿ ಇಳಿದು ಬರತಕ್ಕದ್ದು. ಮೈಸೂರಿನ ಪ್ರಯೋಗವನ್ನು ಇಂಥ ಟಾರ್ಗೆಟ್ಟಿನ ಸಮರ್ಥನೆಗೆ ಬಳಸಿಕೊಳ್ಳುವುದು ಅನ್ಯಾಯ.

ಎಣಿಸಲಾಗದ ಕೆಲಸಕ್ಕೆ ಎಣಿಕೆಯ ಬಹುಮಾನವನ್ನು ಕಟ್ಟಿದಾಗ ಆಗುವ ಅನಾಹುತ ಇನ್ನೂ ದೊಡ್ಡದು. ಅಮೆರಿಕದ ವೆಲ್ಸ್ ಫಾರ್ಗೋ ಎಂಬ ಪ್ರಸಿದ್ಧ ಬ್ಯಾಂಕು, ಒಬ್ಬೊಬ್ಬ ಗ್ರಾಹಕನ ಹೆಸರಿನಲ್ಲಿ ಎಂಟೆಂಟು ಖಾತೆ, ಕಾರ್ಡು ಮೊದಲಾದುವುಗಳಿರಬೇಕೆಂಬ ಗುರಿಯನ್ನು ತನ್ನ ನೌಕರರ ಮುಂದಿಟ್ಟು, ಅದನ್ನು ಮುಟ್ಟಿದವರಿಗೆ ಬಹುಮಾನವನ್ನೂ ಮುಟ್ಟದವರಿಗೆ ಭೀತಿಯನ್ನೂ ಒದಗಿಸಿತು. 2016ರಲ್ಲಿ ಹೊರಬಿದ್ದ ಸತ್ಯವೇನೆಂದರೆ, ಗ್ರಾಹಕರಿಗೆ ತಿಳಿಯದೆಯೇ ಅವರ ಹೆಸರಿನಲ್ಲಿ ತೆರೆದಿರಬಹುದಾದ ಖಾತೆಗಳು ಇಪ್ಪತ್ತು ಲಕ್ಷದಷ್ಟು. ಆ ಕಾರಣಕ್ಕಾಗಿ ಕೆಲಸದಿಂದ ತೆಗೆದುಹಾಕಲ್ಪಟ್ಟವರು ಸುಮಾರು 5,300 ಮಂದಿ. ಬ್ಯಾಂಕು ತೆತ್ತ ದಂಡ 18 ಕೋಟಿ 50 ಲಕ್ಷ ಡಾಲರು. ಆ ಸಾವಿರಾರು ನೌಕರರೆಲ್ಲರೂ ಹುಟ್ಟು ವಂಚಕರೆಂದು ನಂಬುವುದು ನನ್ನಿಂದಾಗದು. ಪ್ರಾಮಾಣಿಕನಾಗಿ ಉಳಿದರೆ ಅನ್ನಕ್ಕೆ ಸಂಚಕಾರ, ಸುಳ್ಳನ್ನು ಬರೆದರೆ ಬಹುಮಾನ ಎಂಬ ಏರ್ಪಾಡಿನ ನಡುವೆ ಸಾಧಾರಣ ಮನುಷ್ಯರನ್ನು ನಿಲ್ಲಿಸಿ, ಅವರು ಜಾರಿದಾಗ ಅವರನ್ನು ಮಾತ್ರ ಹೊರಗೆ ಹಾಕಿದುದು ಆ ಬ್ಯಾಂಕಿನ ಹಿರಿಯರು ಮಾಡಿದ ಎರಡನೆಯ ತಪ್ಪು. ನಮ್ಮಲ್ಲಿಯೂ ನಿವೃತ್ತಿಯ ಹಣವನ್ನು ಠೇವಣಿ ಇಡಲೆಂದು ಬ್ಯಾಂಕಿಗೆ ಹೋದ ವೃದ್ಧರು, ವರ್ಷವರ್ಷವೂ ಕಂತು ಕಟ್ಟಬೇಕಾದ ವಿಮಾ ಪಾಲಿಸಿಯ ಕಾಗದವನ್ನು ಕೈಯಲ್ಲಿ ಹಿಡಿದು ಮರಳುವುದು ಅಪರೂಪವಾಗಿ ಉಳಿದಿಲ್ಲ. ಕೌಂಟರಿನ ಆಚೆ ಕುಳಿತ ನೌಕರನ ಮನಸ್ಸನ್ನು ದೂಷಿಸುವುದಕ್ಕೆ ಮುನ್ನ ಅವನ ತಲೆಯ ಮೇಲಿರುವ ಟಾರ್ಗೆಟ್ಟನ್ನು ನೋಡಬೇಕು.

ಇನ್ನು ಸಂಬಳದ ವಿಷಯದಲ್ಲಿ ಮನುಷ್ಯನ ಮನಸ್ಸನ್ನು ಎಲ್ಲಕ್ಕಿಂತ ಆಳವಾಗಿ ಕಲಕುವುದು ಯಾವುದು? ಮೊತ್ತವೆಂದು ಹಲವರ ಉತ್ತರ. ನ್ಯಾಯವೆಂದು ನನ್ನ ಉತ್ತರ. ಬೆಂಗಳೂರಿನ ಇತಿಹಾಸದಲ್ಲಿಯೇ ಇದಕ್ಕೆ ಪ್ರಬಲವಾದ ನಿದರ್ಶನವಿದೆ. 1980ರ ಡಿಸೆಂಬರಿನಲ್ಲಿ ಆರಂಭವಾಗಿ 77 ದಿನಗಳ ಕಾಲ ನಡೆದ ಸಾರ್ವಜನಿಕ ಉದ್ಯಮಗಳ ಮುಷ್ಕರದಲ್ಲಿ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಸಂಸ್ಥೆಗಳ ಲಕ್ಷಕ್ಕೂ ಮಿಕ್ಕಿದ ಕಾರ್ಮಿಕರು ಕೆಲಸವನ್ನು ಬಿಟ್ಟು ಹೊರಗೆ ನಿಂತರು. ಇವರಾರೂ ಆ ಕಾಲದ ಕರ್ನಾಟಕದಲ್ಲಿ ಅತ್ಯಂತ ದರಿದ್ರರಾದ ದುಡಿಮೆಗಾರರಾಗಿರಲಿಲ್ಲ. ಎಚ್‌ಎಎಲ್‌ನಲ್ಲಿಯೋ ಐಟಿಐಯಲ್ಲಿಯೋ ಕೆಲಸವಾಯಿತೆಂದರೆ ಮನೆಯವರು ಹಬ್ಬ ಮಾಡುತ್ತಿದ್ದ ಕಾಲ ಅದು. ಕೇಂದ್ರ ಸರಕಾರದ್ದೇ ಆದ ಬಿಎಚ್‌ಇಎಲ್ ಸಂಸ್ಥೆಯ ಕಾರ್ಮಿಕರಿಗೆ ಸಿಗುತ್ತಿದ್ದ ವೇತನ ತಮಗೇಕೆ ಇಲ್ಲವೆಂಬುದೇ ಅವರ ಮುಖ್ಯ ಪ್ರಶ್ನೆ. ಒಡೆಯ ಒಬ್ಬನೇ, ಕೆಲಸದ ಕೌಶಲ ಒಂದೇ ಬಗೆಯದು. ಕೂಲಿಯಲ್ಲಿ ಮಾತ್ರ ಭೇದ. ಎರಡೂವರೆ ತಿಂಗಳ ಸಂಬಳವನ್ನು ಕಳೆದುಕೊಳ್ಳುವುದಕ್ಕೂ ಅಷ್ಟು ಸಂಸಾರಗಳು ಸಿದ್ಧವಾದುದು, ಹಣದ ಆಸೆಯಿಂದ ಮಾತ್ರ ವಿವರಿಸಬಹುದಾದ ಸಂಗತಿಯಲ್ಲ.

ಇದೇ ಸತ್ಯವನ್ನು ಒಡಿಶಾದಲ್ಲಿ ಎಮಿಲಿ ಬ್ರೆಝಾ, ಸುಪ್ರೀತ್ ಕೌರ್, ಯೋಗಿತಾ ಶಾಮದಾಸಾನಿ ಎಂಬವರು, ಸಣ್ಣ ಉತ್ಪಾದನೆಯ ಕೆಲಸಗಳಿಗಾಗಿ ನೇಮಿಸಿಕೊಂಡ ದಿನಗೂಲಿಯವರ ನಡುವೆ ಪ್ರಯೋಗಿಸಿ ನೋಡಿ 2018ರಲ್ಲಿ ಪ್ರಕಟಿಸಿದರು. ಮೂರು ಮೂರು ಜನರ ತಂಡಗಳು. ಕೆಲವು ತಂಡಗಳಲ್ಲಿ ಮೂವರಿಗೂ ಸಮನಾದ ಕೂಲಿ, ಕೆಲವುಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು. ತನ್ನ ಕೂಲಿಯಲ್ಲಿ ಯಾವ ಕಡಿತವೂ ಆಗದಿದ್ದರೂ, ಪಕ್ಕದವರಿಗೆ ತನಗಿಂತ ಹೆಚ್ಚು ಸಿಗುತ್ತಿದೆಯೆಂದು ಬಲ್ಲ ಕೆಲಸಗಾರನ ಉತ್ಪಾದನೆ ಇಳಿಯಿತು. ಕೆಲಸಕ್ಕೆ ಬರುವುದೇ ಶೇಕಡಾ 18 ಅಂಶಗಳಷ್ಟು ಕುಗ್ಗಿತು. ಬಾರದ ದಿನ ಕೂಲಿಯೂ ಇಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು: ಬಡವನಾದವನು ಅವಮಾನವನ್ನು ನುಂಗುವುದಕ್ಕೆ ಬದಲಾಗಿ ಗಳಿಕೆಯನ್ನೇ ಬಿಟ್ಟುಕೊಟ್ಟನು. ಆದರೆ ಯಾರು ಎಷ್ಟು ಮಾಡುತ್ತಾರೆಂಬುದು ಎಲ್ಲರ ಕಣ್ಣಿಗೂ ಸ್ಪಷ್ಟವಾಗಿ ಕಾಣುವಂಥ ಕೆಲಸಗಳಲ್ಲಿ ಈ ಕೆಡುಕು ತಲೆದೋರಲಿಲ್ಲ. ಭೇದವನ್ನು ಜನ ಸಹಿಸಬಲ್ಲರು. ಕಾರಣ ಕಾಣದ ಭೇದವನ್ನು ಸಹಿಸಲೊಲ್ಲರು. ಶ್ರೇಣಿಯನ್ನು ಗುಟ್ಟಾಗಿ ಹಾಕಿ, ಬೋನಸ್ಸನ್ನು ಗುಟ್ಟಾಗಿ ಹಂಚಿ, ಸಂಬಳದ ವಿಷಯವನ್ನು ಒಬ್ಬರೊಬ್ಬರಲ್ಲಿ ಆಡಬಾರದೆಂದು ಆಜ್ಞೆ ಹೊರಡಿಸುವ ಸಂಸ್ಥೆಗಳು, ಭೇದವನ್ನು ಇಟ್ಟುಕೊಂಡು ಅದರ ಕಾರಣವನ್ನು ಮರೆಮಾಡುವುದರಿಂದ, ಅತ್ಯಂತ ಅಪಾಯಕರವಾದ ದಾರಿಯನ್ನೇ ಆರಿಸಿಕೊಂಡಿವೆ.

ಬೋನಸ್ಸಿನ ಕಥೆಯನ್ನೂ ಇಲ್ಲಿ ಸ್ವಲ್ಪ ಸ್ಮರಿಸಬೇಕು. 1917ರಲ್ಲಿ ಅಹಮದಾಬಾದಿನಲ್ಲಿ ಪ್ಲೇಗು ಹರಡಿ ಗಿರಣಿಯ ಕೆಲಸಗಾರರು ಊರುಬಿಟ್ಟು ಓಡತೊಡಗಿದಾಗ, ಅವರನ್ನು ನಿಲ್ಲಿಸಿಕೊಳ್ಳಲು ಮಾಲೀಕರು ‘ಪ್ಲೇಗ್ ಬೋನಸ್’ ಕೊಟ್ಟರು. ಪಿಡುಗು ಇಳಿದೊಡನೆ 1918ರಲ್ಲಿ ಅದನ್ನು ಹಿಂತೆಗೆದುಕೊಂಡರು. ಆಗ್ಗೆ ಯುದ್ಧಕಾಲದ ಬೆಲೆಯೇರಿಕೆಯಿಂದ ಬದುಕು ದುರ್ಭರವಾಗಿತ್ತು. ಗಾಂಧೀಜಿಯವರು ಲೆಕ್ಕ ಹಾಕಿ ಶೇಕಡಾ 35ರ ಹೆಚ್ಚಳ ನ್ಯಾಯವಾದುದೆಂದು ಗೊತ್ತುಮಾಡಿದರು. ಗಿರಣಿಯ ಮಾಲೀಕರ ಮುಂದಾಳಾದ ಅಂಬಾಲಾಲ್ ಸಾರಾಭಾಯಿಯವರ ಸೋದರಿ ಅನಸೂಯಾ ಬೆಹೆನ್‌ರೇ ಕಾರ್ಮಿಕರ ಪಕ್ಷದಲ್ಲಿ ನಿಂತರು. ಗಾಂಧೀಜಿ ಉಪವಾಸ ಕೈಕೊಂಡರು. ಮಾಲೀಕರ ದೃಷ್ಟಿಯಲ್ಲಿ ಬೋನಸ್ಸು ತಮ್ಮ ಅಗತ್ಯಕ್ಕೆ ಕೊಟ್ಟು, ಅಗತ್ಯ ತೀರಿದಾಗ ನಿಲ್ಲಿಸಬಹುದಾದ ಔದಾರ್ಯ. ಕಾರ್ಮಿಕರ ಸಂಸಾರಕ್ಕೆ ಅದು ಆ ವೇಳೆಗೆ ಅನ್ನದ ಭಾಗವಾಗಿ ಹೋಗಿತ್ತು. ಸ್ವತಂತ್ರ ಭಾರತದಲ್ಲಿ ಬಹಳ ವಾದವಿವಾದಗಳಾದ ಮೇಲೆ 1965ರಲ್ಲಿ ಬೋನಸ್ ಕಾಯಿದೆ ಬಂದು, ಮುಂದೆ ಕನಿಷ್ಠ ಮಟ್ಟ ಶೇಕಡಾ 8.33 ಎಂದರೆ ವರ್ಷಕ್ಕೊಂದು ತಿಂಗಳ ವೇತನ ಎಂದು ನಿಂತಿತು. ಅದು ಲಾಭವಿಲ್ಲದ ವರ್ಷದಲ್ಲಿಯೂ ಸಲ್ಲತಕ್ಕುದಾಯಿತು. ಆಯುಧಪೂಜೆಗೋ ದೀಪಾವಳಿಗೋ ಕಾರ್ಖಾನೆಯವರು ಎದುರುನೋಡುವ ಬೋನಸ್ಸು ತಡೆಹಿಡಿದಿಟ್ಟ ವೇತನವೇ ಆಗಿದೆಯೆಂಬುದನ್ನು ಕಾನೂನೇ ಹೀಗೆ ಬಹುಮಟ್ಟಿಗೆ ಒಪ್ಪಿಕೊಂಡಂತಾಯಿತು.

ಹೊರಗಿನ ಉದಾಹರಣೆಗಳಲ್ಲಿ ಹೆನ್ರಿ ಫೋರ್ಡ್‌ನದನ್ನು ಎಲ್ಲರೂ ಹೇಳುತ್ತಾರೆ. 1914ರಲ್ಲಿ ಅವನು ದಿನಕ್ಕೆ ಐದು ಡಾಲರುಗಳನ್ನು ಸಾರಿ, ಕೆಲಸದ ಹೊತ್ತನ್ನು ಒಂಬತ್ತರಿಂದ ಎಂಟು ಗಂಟೆಗೆ ಇಳಿಸಿದನು. ಅಲ್ಲಿಯವರೆಗೆ ಬಂದಂತೆಯೇ ಬಿಟ್ಟುಹೋಗುತ್ತಿದ್ದ ಕೆಲಸಗಾರರು ನೆಲೆನಿಂತರು. ಆದರೆ ಆ ಐದು ಡಾಲರಿನಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರವೇ ಸಂಬಳವೆಂಬುದನ್ನೂ, ಮಿಕ್ಕುದು ಲಾಭಾಂಶವೆಂಬ ಹೆಸರಿನಲ್ಲಿ, ಕುಡಿಯದೆ ಮನೆಯನ್ನು ಚೊಕ್ಕಟವಾಗಿಟ್ಟುಕೊಂಡ ಕೆಲಸಗಾರರಿಗೆ ಮಾತ್ರ, ಸಂಸ್ಥೆಯ ತನಿಖಾಧಿಕಾರಿಗಳು ಮನೆಗೆ ಬಂದು ವಿಚಾರಿಸಿದ ಮೇಲೆ, ಸಲ್ಲುತ್ತಿದ್ದುದೆಂಬುದನ್ನೂ ಹೇಳುವವರು ಕಡಿಮೆ. ಸಂಬಳವನ್ನು ಷರತ್ತಿನ ಬಹುಮಾನವಾಗಿ ಮಾರ್ಪಡಿಸಿದವನಿಗೆ ನೌಕರನ ಅಡುಗೆಮನೆಯವರೆಗೂ ಅಧಿಕಾರ ಬಂದುಬಿಡುತ್ತದೆ.

ದುಡಿಯುವವರು ವೇತನದಲ್ಲಿ ಅರಸುವುದು ಖಾತರಿಯನ್ನೆಂಬುದಕ್ಕೆ 2016ರ ಏಪ್ರಿಲಿನಲ್ಲಿ ಬೆಂಗಳೂರಿನ ರಸ್ತೆಗಳೇ ಸಾಕ್ಷಿಯಾದುವು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೂ ತೆಗೆಯುವಂತಿಲ್ಲವೆಂಬ ಹೊಸ ನಿಯಮದ ಸುದ್ದಿ ಹಬ್ಬಿದಾಗ, ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊರಬಂದು ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ತಡೆದರು. ಅದು ಸಂಬಳವನ್ನು ಹೆಚ್ಚಿಸಬೇಕೆಂಬ ಮುಷ್ಕರವಾಗಿರಲಿಲ್ಲ. ‘ನಮ್ಮ ಪಿಎಫ್ ನಮಗೆ ಕೊಡಿ’ ಎಂಬುದಿಷ್ಟೇ ಅವರ ಕೂಗಿನ ತಾತ್ಪರ್ಯ. ಮಗಳ ಮದುವೆಗೂ ಮನೆಯ ಕಾಯಿಲೆಗೂ ಅವರಿಗಿದ್ದ ಉಳಿತಾಯ ಅದೊಂದೇ. ಕೇಂದ್ರ ಸರಕಾರ ಎರಡು ದಿನಗಳೊಳಗೆ ನಿಯಮವನ್ನು ಹಿಂತೆಗೆದುಕೊಂಡಿತು. ಅವರ ಕೋಪ ಎಲ್ಲಿಂದ ಬಂದಿತೆಂದು ಆಗ ಹಲವು ಅಧಿಕಾರಿಗಳು ಅಚ್ಚರಿಪಟ್ಟರು. ಕಾಲಕಾಲಕ್ಕೆ ಅವರನ್ನು ಕುರಿತು ವಿಚಾರಿಸಿದ್ದರೆ ಆ ಅಚ್ಚರಿಗೆ ಅವಕಾಶವಿರುತ್ತಿರಲಿಲ್ಲ. ಭಾರತದ ಉಡುಪು ಕಾರ್ಖಾನೆಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ, ನಿರೀಕ್ಷೆಗಿಂತ ಕಡಿಮೆಯಾದ ವೇತನವೃದ್ಧಿಯ ಬಳಿಕ, ಕೆಲವರಿಗೆ ಹೆಸರು ಹೇಳದೆ ತಮ್ಮ ಅಸಮಾಧಾನವನ್ನು ತೋಡಿಕೊಳ್ಳುವ ಅವಕಾಶ ಕಲ್ಪಿಸಿದರು. ಅಂಥವರಲ್ಲಿ ಕೆಲಸ ಬಿಟ್ಟುಹೋಗುವವರ ಪ್ರಮಾಣ ಮಿಕ್ಕವರಿಗಿಂತ ಸುಮಾರು ಐದರಲ್ಲೊಂದು ಭಾಗ ತಗ್ಗಿತು. ವೇತನವೃದ್ಧಿಗೆ ಅದು ಬದಲಾಗದು. ಆದರೆ ತನ್ನ ಮಾತಿಗೂ ಕಿವಿಗೊಡುವವರುಂಟೆಂಬ ಅರಿವಿಗೆ ಎಷ್ಟು ಬಲವಿದೆಯೆಂಬುದನ್ನು ತೋರಿಸುತ್ತದೆ.

ಹಾಗಾದರೆ ಲಾಭದಲ್ಲಿ ನೌಕರನಿಗೆ ಪಾಲು ಕೊಡುವುದು ತಪ್ಪೆ? ಎಂದಿಗೂ ಅಲ್ಲ. ಇನ್ಫೋಸಿಸ್ ಸಂಸ್ಥೆ ಷೇರುಪೇಟೆಯನ್ನು ಪ್ರವೇಶಿಸಿದ ಮರುವರ್ಷವೇ, 1994ರಲ್ಲಿ, ನೌಕರರಿಗೆ ಷೇರುಗಳನ್ನು ಹಂಚುವ ಯೋಜನೆಯನ್ನು ಆರಂಭಿಸಿದುದು ನಮ್ಮ ದೇಶದ ಉದ್ಯಮಚರಿತ್ರೆಯಲ್ಲಿ ಶ್ಲಾಘ್ಯವಾದ ಒಂದು ಹೆಜ್ಜೆ. ಮಧ್ಯಮವರ್ಗದ ಹಲವು ಮನೆಗಳು ಸಂಬಳದಿಂದ ಎಂದಿಗೂ ಕಾಣಲಾಗದಿದ್ದ ಸಂಪತ್ತನ್ನು ಅದರಿಂದ ಕಂಡುವು. ಅದರ ಶ್ರೇಯಸ್ಸು ಇರುವುದು ಸಂಬಳದ ಮೇಲೆ ಒಡೆತನದ ಪಾಲನ್ನು ಕೂಡಿಸಿದುದರಲ್ಲಿ. ಸಂಬಳವೆಂದು ಹೇಳಿದುದರೊಳಗಿಂದಲೇ ಒಂದು ತುಂಡನ್ನು ಕತ್ತರಿಸಿ, ಅದಕ್ಕೆ ಬಹುಮಾನದ ಕಾಗದವನ್ನು ಸುತ್ತಿ, ಗೆದ್ದರೆ ಕೊಡುವೆನೆನ್ನುವ ಪದ್ಧತಿಗೆ ಆ ಯೋಜನೆಯ ಹೆಸರನ್ನು ಹೇಳಿಕೊಂಡು ಗೌರವ ಪಡೆಯುವ ಅಧಿಕಾರವಿಲ್ಲ.

ಮೈಮುರಿದು ದುಡಿಯುವವನಿಗೂ ಕಾಲ ಕಳೆಯುವವನಿಗೂ ಸಮನಾದ ಸಂಬಳವೆಂದರೆ ಅದೂ ಅನ್ಯಾಯವಲ್ಲವೇ ಎಂದು ಉದ್ಯಮಿಗಳು ಕೇಳುವರು. ಪ್ರಶ್ನೆ ಯೋಗ್ಯವಾದುದೇ; ನಮ್ಮ ಸರಕಾರಿ ಕಚೇರಿಗಳಲ್ಲಿ ನಿಷ್ಠಾವಂತನಾದ ಗುಮಾಸ್ತನೊಬ್ಬ ಇಡೀ ವಿಭಾಗದ ಭಾರವನ್ನು ಹೊತ್ತು, ಇತರರಂತೆಯೇ ವರ್ಷದ ಇನ್‌ಕ್ರಿಮೆಂಟನ್ನು ಪಡೆದು, ಕ್ರಮೇಣ ಬೇಸತ್ತು ಹೋಗುವುದನ್ನು ಬಲ್ಲವರು ಇದನ್ನು ತಳ್ಳಿಹಾಕಲಾರರು. ಪಾರಿತೋಷಕವಿರಲಿ, ಬಡ್ತಿಯಿರಲಿ, ಮೆಚ್ಚಿಕೆಯಿರಲಿ. ಆದರೆ ಜೀವನಕ್ಕೆ ಬೇಕಾದುದು ಪೂರ್ತಿಯಾಗಿ, ನಿಶ್ಚಿತವಾಗಿ, ನಿಯತಕಾಲದಲ್ಲಿ ಸಂದ ಮೇಲೆ ಅದು ಬರಲಿ. 1936ರ ವೇತನ ಪಾವತಿ ಕಾಯಿದೆ, ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ ತಿಂಗಳ ಏಳನೆಯ ತಾರೀಖಿನೊಳಗೆ, ಮಿಕ್ಕೆಡೆ ಹತ್ತನೆಯ ತಾರೀಖಿನೊಳಗೆ ಸಂಬಳವಾಗಬೇಕೆಂದು ವಿಧಿಸಿತು. 2020ರ ಡಿಸೆಂಬರಿನಲ್ಲಿ ಕೋಲಾರದ ನರಸಾಪುರದ ಮೊಬೈಲ್ ಫೋನು ಕಾರ್ಖಾನೆಯಲ್ಲಿ ಕೆಲಸಗಾರರ ಕೋಪಕ್ಕೆ ಗಾಜುಗಳು ಒಡೆದಾಗ, ಹಿಂಸೆಯನ್ನು ಖಂಡಿಸಿದ ನಾವೆಲ್ಲರೂ ಅದರ ಹಿಂದೆ ಸರಿಯಾಗಿಯೂ ಸಕಾಲಕ್ಕೂ ಸಲ್ಲದ ಸಂಬಳವಿತ್ತೆಂಬುದನ್ನು ಆ ಸಂಸ್ಥೆಯೇ ಒಪ್ಪಿಕೊಂಡು ಕ್ಷಮೆ ಕೇಳಿದ ಮೇಲೆ ಅರಿತೆವು. ಯಂತ್ರಗಳನ್ನು ಒಡೆಯುವುದು ಸರಿಯಲ್ಲ. ಎಂಬತ್ತು ವರ್ಷಗಳಿಗೂ ಹಳೆಯದಾದ ನಿಯಮವನ್ನು ಮೀರುವುದೂ ಸರಿಯಲ್ಲ.

2019ರಲ್ಲಿ ಸಂಸತ್ತು ಅಂಗೀಕರಿಸಿದ ವೇತನ ಸಂಹಿತೆ, ಭತ್ಯೆ ಮೊದಲಾದುವುಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕೆಂದು ಹೇಳುತ್ತದೆ. ಮೂಲವೇತನವನ್ನು ಕುಗ್ಗಿಸಿ ಮಿಕ್ಕುದನ್ನು ಬೇರೆ ಬೇರೆ ಹೆಸರುಗಳಲ್ಲಿ ಹಂಚಿಡುವ ಅಭ್ಯಾಸವನ್ನು ಶಾಸನವೇ ಗುರುತಿಸಿದುದು ಒಳ್ಳೆಯದಾಯಿತು. ‘ವೇರಿಯಬಲ್’ ಎಂಬ ಪಾಲಿಗೂ ಇಂಥದೊಂದು ಮೇರೆ ಬೇಕೆಂಬುದು ನನ್ನ ಬಿನ್ನಹ. ನೇಮಕಾತಿ ಪತ್ರದಲ್ಲಿ ಆ ಪಾಲನ್ನು ಸಂಬಳದ ಮೊತ್ತದೊಳಗೆ ಸೇರಿಸಿ ತೋರಿಸಬಾರದು. ಅದನ್ನು ಲೆಕ್ಕ ಹಾಕುವ ಸೂತ್ರವನ್ನು ವರ್ಷದ ಆರಂಭದಲ್ಲಿಯೇ ಬರಹದಲ್ಲಿ ಕೊಟ್ಟು, ವರ್ಷದ ನಡುವೆ ಬದಲಿಸಬಾರದು. ಸಂಸ್ಥೆಯ ನಷ್ಟದ ಕಾರಣದಿಂದ ನೌಕರನ ಪಾಲನ್ನು ಇಳಿಸಿದ ವರ್ಷ, ಆಡಳಿತ ಮಂಡಲಿಯ ಹಿರಿಯರ ಪಾಲು ಎಷ್ಟು ಇಳಿಯಿತೆಂಬುದನ್ನು ಅದೇ ಪತ್ರದಲ್ಲಿ ನೌಕರನಿಗೆ ತಿಳಿಸಬೇಕು.